ಬೆಂಕಿ ಹುಟ್ಟುವುದು ಜೋಡಣೆಯಲ್ಲಿ: ಹಳೆಯ ಮನೆಯೊಂದರ ರಿಪೇರಿ ದಾಖಲೆ

ಮನೆ ಮೈಸೂರಿನ 30×40 ಸೈಟಿನದು. ಒಂದೇ ಅಂತಸ್ತು, ಆರ್‌ಸಿಸಿ ತಾರಸಿ, ಹಾಲ್, ಎರಡು ಮಲಗುವ ಕೋಣೆ, ಅಡುಗೆಮನೆ, ಅದಕ್ಕೆ ಅಂಟಿಕೊಂಡ ದೇವರಮನೆ, ಬಚ್ಚಲು. ಕಟ್ಟಿ ಮೂವತ್ತು ವರ್ಷ ದಾಟಿದೆ. ವೈರಿಂಗ್ ಅಂದಿನದೇ. ಅದರ ಮೇಲೆ ಗೀಸರ್ ಬಂತು, ಯುಪಿಎಸ್ ಬಂತು, ಇಂಡಕ್ಷನ್ ಒಲೆ, ವಾಷಿಂಗ್ ಮಷಿನ್, ಕೊನೆಗೆ ಬ್ಯಾಟರಿ ಸ್ಕೂಟರ್. ರಿಪೇರಿಗೆ ಬಂದ ನಮ್ಮನ್ನು ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: ಬೆಂಕಿ ಆರಿಸುವ ಸಿಲಿಂಡರ್ ಯಾವುದು ತರಬೇಕು?

ಆ ಕೆಂಪು ಸಿಲಿಂಡರನ್ನು ಪಟ್ಟಿಯ ಕೊನೆಗೆ ಹಾಕಿದೆವು. 2 ಕೆ.ಜಿ.ಯ ಸಿಲಿಂಡರು ಖಾಲಿಯಾಗಲು ಹತ್ತು ಸೆಕೆಂಡಿನ ಆಸುಪಾಸು ಸಾಕು. ಅಷ್ಟರಲ್ಲಿ ಆರದಿದ್ದರೆ ಅದರ ಕೆಲಸ ಮುಗಿಯಿತು. ಬೆಂಕಿ ಹುಟ್ಟುವ ಜಾಗ ಬೇರೆ ಇದೆ. ಪೈಪು ನಾಝಲ್‌ಗೆ ಸೇರುವಲ್ಲಿ, ವೈರು ಸ್ಕ್ರೂಗೆ ಸೇರುವಲ್ಲಿ, ಪ್ಲಗ್ಗು ಸಾಕೆಟ್‌ಗೆ ಸೇರುವಲ್ಲಿ, ಹೀಗೆ ಒಂದಕ್ಕೊಂದು ಸೇರುವ ಕಡೆಯೇ ಮನೆಯ ಬಹುಪಾಲು ಅಪಾಯ ಕೂತಿರುತ್ತದೆ. ಹಾಗಾಗಿ ಮೊದಲು ಜೋಡಣೆಗಳು, ಆಮೇಲೆ ಎಚ್ಚರಿಸುವ ಅಲಾರಂ, ಆಮೇಲೆ ಹೊರಗೋಡುವ ದಾರಿ, ಕೊನೆಗೆ ಆರಿಸುವ ಸಾಮಾನು. ಕೆಲಸ ಈ ಕ್ರಮದಲ್ಲೇ ನಡೆಯಿತು.

ಮೊದಲ ದಿನ: ಗ್ಯಾಸು

ಸಿಲಿಂಡರು ಅಡುಗೆ ಕಟ್ಟೆಯ ಕೆಳಗೆ, ಬಾಗಿಲು ಮುಚ್ಚುವ ಕಪಾಟಿನೊಳಗೆ ಇತ್ತು. ಪೈಪು ಕಟ್ಟೆಯ ಕಲ್ಲಿನಲ್ಲಿ ಕೊರೆದ ತೂತಿನ ಮೂಲಕ ಮೇಲೆ ಬಂದು, ಒಲೆಯ ಹಿಂದಿನಿಂದ ಸುತ್ತಿಕೊಂಡು ನಾಝಲ್ ಸೇರಿತ್ತು. ಅಳತೆ ಹಿಡಿದರೆ 2 ಮೀಟರ್ ದಾಟಿತು. ಸುರಕ್ಷಾ ಪೈಪು 1.5 ಮೀಟರಿಗಿಂತ ಉದ್ದ ಇರಬಾರದು.

ಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದಾಗ ಮೂರು ತಪ್ಪು ಕಂಡವು. ಪೈಪಿನ ಮೇಲೆ ಅಚ್ಚಾದ ತಯಾರಿಕೆಯ ದಿನಾಂಕಕ್ಕೆ ಏಳು ವರ್ಷ ತುಂಬಿತ್ತು. ಈ ಪೈಪಿನ ಬಾಳಿಕೆ 5 ವರ್ಷ. ನೋಡಲು ಹೊಸದರಂತಿದ್ದರೂ ಒಳಗಿನ ರಬ್ಬರು ಅಷ್ಟರಲ್ಲಿ ಗಡುಸಾಗಿರುತ್ತದೆ. ಎರಡನೆಯದು, ನಾಝಲ್ ತುದಿಯಿಂದ ಎರಡು ಬೆರಳು ದೂರದಲ್ಲಿ ಪೈಪನ್ನು ಬಗ್ಗಿಸಿದರೆ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಡುತ್ತಿದ್ದವು, ನೇರ ಮಾಡಿದರೆ ಮಾಯ. ಹಾಗಾಗಿ ಸುಮ್ಮನೆ ಕಣ್ಣಲ್ಲಿ ನೋಡಿದರೆ ಸಾಲದು, ಬೆರಳಿಗೆ ಸುತ್ತಿ ಬಗ್ಗಿಸಿಯೇ ನೋಡಬೇಕು. ಮೂರನೆಯದು, ಕಲ್ಲಿನ ತೂತಿನ ಅಂಚು ಪೈಪಿನ ಹೊರಪದರವನ್ನು ಉಜ್ಜಿ ಉಜ್ಜಿ ಒಳಗಿನ ತಂತಿ ಹೊಳೆಯುವಷ್ಟು ಸವೆಸಿತ್ತು. ಸಿಲಿಂಡರ್ ಬದಲಿಸುವಾಗಲೆಲ್ಲ ಪೈಪು ಆ ಅಂಚಿನ ಮೇಲೆ ಎಳೆದಾಡಿದ್ದರ ಫಲ.

ಹೊಸ ಪೈಪು ಏಜೆನ್ಸಿಯಿಂದ ತರಿಸಿದ್ದು. ಕಿತ್ತಳೆ ಬಣ್ಣ, ಒಳಗೆ ಉಕ್ಕಿನ ತಂತಿಯ ಹೆಣಿಗೆ, ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 9573 ಎಂಬ ಅಚ್ಚು. ಹಸಿರು ಪ್ಲಾಸ್ಟಿಕ್ ಪೈಪು ಅಗ್ಗಕ್ಕೆ ಸಿಗುತ್ತದೆ, ಅದನ್ನು ಇಲಿ ಒಂದೇ ರಾತ್ರಿಯಲ್ಲಿ ಕಡಿದುಹಾಕಬಲ್ಲದು. ತುದಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ನಿಮಿಷ ಅದ್ದಿಟ್ಟರೆ ಮೆತ್ತಗಾಗುತ್ತದೆ. ನಾಝಲ್‌ನ ಎಲ್ಲ ಗೆರೆಗಳೂ ಒಳಗೆ ಮುಚ್ಚುವ ತನಕ ತಿರುವುತ್ತ ದೂಡಬೇಕು. ಅರ್ಧಕ್ಕೆ ನಿಲ್ಲಿಸಿ ಮೇಲೆ ತಂತಿ ಬಿಗಿದರೆ ಆ ತಂತಿಯೇ ರಬ್ಬರನ್ನು ಕತ್ತರಿಸುತ್ತದೆ. ಎಣ್ಣೆ, ಗ್ರೀಸು ಹಚ್ಚಿ ಜಾರಿಸುವುದೂ ಬೇಡ, ಅದು ರಬ್ಬರನ್ನು ತಿನ್ನುತ್ತದೆ. ಕಲ್ಲಿನ ತೂತಿಗೆ ದಪ್ಪ ಪಿವಿಸಿ ಪೈಪಿನ ತುಂಡೊಂದನ್ನು ತೋಳಿನಂತೆ ಕೂರಿಸಿ, ಅಂಚನ್ನು ಉಪ್ಪುಕಾಗದದಿಂದ ದುಂಡಗೆ ಮಾಡಿದೆವು.

ಸಿಲಿಂಡರಿನ ಕೊರಳಪಟ್ಟಿಯ ಒಳಗಡೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಇಸವಿಯದು. ಆ ಅವಧಿ ಮುಗಿದ ಸಿಲಿಂಡರು ಮರುಪರೀಕ್ಷೆಗೆ ಹೋಗಬೇಕು, ಮನೆಗೆ ಬರಬಾರದು. ತಂದವರ ಎದುರಿಗೇ ಓದಿ, ಸೀಲ್ ತೆಗೆಸಿ, ವಾಲ್ವ್ ಒಳಗೆ ಕಪ್ಪು ರಬ್ಬರ್ ಉಂಗುರ ಇದೆಯೇ ನೋಡಿ ಇಟ್ಟುಕೊಳ್ಳಬೇಕು. ಆ ಉಂಗುರ ಇಲ್ಲದಿದ್ದರೆ ಅಥವಾ ಹರಿದಿದ್ದರೆ ರೆಗ್ಯುಲೇಟರ್ ಎಷ್ಟು ಸರಿಯಾಗಿ ಕೂತರೂ ಸೋರುತ್ತದೆ.

ಪರೀಕ್ಷೆ ಸೋಪಿನ ನೀರಿನಲ್ಲಿ. ಪಾತ್ರೆ ತೊಳೆಯುವ ಸೋಪನ್ನು ನೊರೆ ಬರುವ ಹಾಗೆ ಕದಡಿ, ಹಳೆಯ ಬ್ರಷ್ಷಿನಿಂದ ವಾಲ್ವ್ ಬುಡ, ರೆಗ್ಯುಲೇಟರ್ ಸುತ್ತ, ಪೈಪಿನ ಎರಡೂ ತುದಿ, ಒಲೆಯ ಗುಬ್ಬಿಗಳ ಹಿಂಭಾಗಕ್ಕೆ ಹಚ್ಚಿದೆವು. ರೆಗ್ಯುಲೇಟರ್ ತೆರೆದಿರಬೇಕು, ಒಲೆಯ ಗುಬ್ಬಿ ಮುಚ್ಚಿರಬೇಕು. ಎರಡು ನಿಮಿಷ ಕಾದೆವು. ಪೈಪಿನ ತುದಿಗಳಲ್ಲಿ ಏನಿಲ್ಲ. ಒಲೆಯ ಎಡ ಗುಬ್ಬಿಯ ಹಿಂದೆ ಮಾತ್ರ ಸಾಸಿವೆ ಗಾತ್ರದ ಗುಳ್ಳೆ ಎದ್ದು, ನಿಧಾನವಾಗಿ ಕಡಲೆಕಾಳಿನಷ್ಟಾಗಿ ಒಡೆಯಿತು. ಮತ್ತೆ ಇನ್ನೊಂದು. ಒಲೆಯೊಳಗಿನ ಕಾಕ್, ಅಂದರೆ ಅನಿಲ ಬಿಟ್ಟು ಮುಚ್ಚುವ ಬಿರಡೆ, ಸವೆದಿತ್ತು. ಇದನ್ನು ನಾವು ಬಿಚ್ಚಲಿಲ್ಲ, ಏಜೆನ್ಸಿಯ ಮೆಕ್ಯಾನಿಕ್ಕನ್ನು ಕರೆಸಿ ಬದಲಿಸಿದ್ದಾಯಿತು. ಅಷ್ಟು ಚಿಕ್ಕ ಸೋರಿಕೆಗೆ ವಾಸನೆ ಗೊತ್ತಾಗುತ್ತಿರಲಿಲ್ಲ.

ಮುಚ್ಚಿದ ಕಪಾಟು ಯಾಕೆ ಕೆಟ್ಟದ್ದು ಎಂಬುದಕ್ಕೆ ಒಂದು ಲೆಕ್ಕ ಹಾಕಿದೆವು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪಾಲು ಸುಮಾರು ಶೇ 2 ಮುಟ್ಟಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. 10×8 ಅಡಿಯ ಅಡುಗೆಮನೆಯಲ್ಲಿ ಅನಿಲ ನೆಲದಿಂದ ಒಂದು ಅಡಿ ಎತ್ತರದವರೆಗೆ ಮಾತ್ರ ಹರಡಿತು ಅಂದುಕೊಳ್ಳಿ. ಆ ಪದರ ಹೊತ್ತುವ ಮಟ್ಟಕ್ಕೆ ಬರಲು ನೂರು ಗ್ರಾಂ ಆಸುಪಾಸಿನ ಅನಿಲ ಸಾಕು. ಸಿಲಿಂಡರಿನಲ್ಲಿ ಇರುವುದು 14.2 ಕೆ.ಜಿ. ಕಪಾಟಿನೊಳಗಾದರೆ ಇನ್ನೂ ಕಡಿಮೆ ಸಾಕು. ಆದ್ದರಿಂದ ಕಪಾಟಿನ ಬಾಗಿಲುಗಳನ್ನೇ ಕಳಚಿ, ಪಕ್ಕದ ಹೊರಗೋಡೆಯಲ್ಲಿ ನೆಲಮಟ್ಟಕ್ಕೆ ಅರ್ಧ ಅಡಿ ಚೌಕದ ಜಾಲರಿ ಕೂರಿಸಿದೆವು. ಅದೇ ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿಯ ಬಾಯಿ ಇತ್ತು. ಅನಿಲ ಅದರೊಳಗೆ ಇಳಿದು ಇನ್ನೆಲ್ಲೋ ಹೋಗಿ ನಿಲ್ಲಬಾರದೆಂದು ನೀರು ನಿಲ್ಲುವ ಟ್ರ್ಯಾಪ್ ಹಾಕಿದ್ದಾಯಿತು.

ಗ್ಯಾಸ್ ಅಲಾರಂ ಇಟ್ಟದ್ದೂ ನೆಲದಿಂದ ಒಂದು ಅಡಿ ಎತ್ತರಕ್ಕೆ, ಸಿಲಿಂಡರ್ ಇರುವ ಗೋಡೆಗೆ. ಬೆಂಗಳೂರಿನಂಥ ಕಡೆ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುವ ಮನೆಗಳಲ್ಲಿ ಇದು ತಲೆಕೆಳಗು. ಆ ಅನಿಲ ಗಾಳಿಗಿಂತ ಹಗುರ, ಅಲಾರಂ ಸೂರಿನಿಂದ ಒಂದು ಅಡಿ ಕೆಳಗಿರಬೇಕು. ಸಿಲಿಂಡರ್ ಬಿಟ್ಟು ಕೊಳವೆಗೆ ಬದಲಾದವರು ಹಳೆಯ ಅಲಾರಮ್ಮನ್ನು ಹಳೆಯ ಜಾಗದಲ್ಲೇ ಬಿಟ್ಟರೆ ಅದು ಇದ್ದೂ ಇಲ್ಲದ ಲೆಕ್ಕ.

ವಾಸನೆ ಬಂದಾಗಿನ ಕ್ರಮವನ್ನು ಕಾಗದದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆವು. ರೆಗ್ಯುಲೇಟರ್ ಮುಚ್ಚಿ, ತೆಗೆದು, ಸಿಲಿಂಡರಿಗೆ ಬಿಳಿ ಮುಚ್ಚಳ ಹಾಕಿ. ಬಾಗಿಲು ಕಿಟಕಿ ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಹೊರಗೆ ಹೋಗಿ ಅಲ್ಲಿಂದ ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ. ಒಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ: ಯಾರೂ ಮುಟ್ಟದಿದ್ದರೂ ಫ್ರಿಜ್ ತಾನಾಗಿ ಆನ್ ಆಗುತ್ತದೆ, ಅದರ ರಿಲೇ ಕಿಡಿ ಕೊಡುತ್ತದೆ. ಈ ಮನೆಯ ಮೇನ್ ಸ್ವಿಚ್ ಹೊರಗೆ ವೆರಾಂಡದಲ್ಲಿದೆ, ಆದ್ದರಿಂದ ಹೊರಗೆ ಬಂದವರು ಅದನ್ನು ಆರಿಸಬಹುದು. ಮೇನ್ ಒಳಗೇ ಇರುವ ಮನೆಯಲ್ಲಿ ಅದರ ಹತ್ತಿರವೂ ಹೋಗಬಾರದು.

ಎರಡನೆಯ, ಮೂರನೆಯ ದಿನ: ಕರೆಂಟು

ಇಲ್ಲಿಂದ ಮುಂದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಜೊತೆಗಿದ್ದರು. ಮೀಟರಿನ ಸೀಲ್ ಮುಟ್ಟುವ ಕೆಲಸ ಬಂದಾಗ ವಿದ್ಯುತ್ ಕಂಪನಿ ಸೆಸ್ಕ್‌ನವರೇ ಬಂದು ಮಾಡಿದರು. ಆ ಸೀಲನ್ನು ಬೇರೆ ಯಾರೂ ಒಡೆಯುವಂತಿಲ್ಲ.

ಮೊದಲು ಕೈಯಿಂದಲೇ ಪರೀಕ್ಷೆ. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಕೂಡಲೇ ಗೀಸರ್ ಆರಿಸಿ, ಒಣಗಿದ ಕೈಯ ಹಿಂಭಾಗವನ್ನು ಪ್ಲಗ್ ಮೇಲೆ ಇಟ್ಟೆವು. ಬಿಸಿ ತಡೆಯಲಾಗಲಿಲ್ಲ. ಪ್ಲಗ್ ಕಿತ್ತರೆ ಸಾಕೆಟ್ಟಿನ ಫೇಸ್ (ಕರೆಂಟು ಬರುವ) ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮೇನ್ ಆರಿಸಿ, ಟೆಸ್ಟರ್ ಮತ್ತು ಮಲ್ಟಿಮೀಟರ್ ಎರಡರಲ್ಲೂ ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬೋರ್ಡು ಬಿಚ್ಚಿದೆವು. ಫೇಸ್ ವೈರಿನ ಕೆಂಪು ಹೊದಿಕೆ ತುದಿಯಿಂದ ಒಂದೂವರೆ ಇಂಚು ಕಪ್ಪಾಗಿ, ಬಳೆಯ ಚೂರಿನಂತೆ ಪಟಪಟ ಉದುರಿತು. ತಾಮ್ರದ ಎಳೆಗಳು ಹೊಳಪು ಕಳೆದುಕೊಂಡು ಮಸಿ ಹಿಡಿದಿದ್ದವು. ಸ್ಕ್ರೂ ಬೆರಳಲ್ಲೇ ಅರ್ಧ ಸುತ್ತು ತಿರುಗಿತು.

ಎಲ್ಲ ಕತೆ ಆ ಅರ್ಧ ಸುತ್ತಿನಲ್ಲಿದೆ. ಗೀಸರ್ 2000 ವಾಟ್‌ನದು. 230 ವೋಲ್ಟಿಗೆ 8.7 ಆಂಪ್ ಎಳೆಯುತ್ತದೆ. ವೈರು 2.5 ಚದರ ಮಿ.ಮೀ., ಸಾಕೆಟ್ 16 ಆಂಪ್‌ನದು, ಎರಡೂ ಸಾಕಷ್ಟು. ಆದರೆ ಸಡಿಲವಾದ ಸ್ಕ್ರೂನಡಿ ಅರ್ಧ ಓಮ್ ತಡೆ ಹುಟ್ಟಿದರೂ ಅಲ್ಲಿ 8.7×8.7×0.5, ಅಂದರೆ ಸುಮಾರು 38 ವಾಟ್ ಶಾಖ. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಕಬ್ಬಿಣ 25ರಿಂದ 35 ವಾಟಿನದು. ಅಂಥದೊಂದನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ದಿನಾ ಬೆಳಿಗ್ಗೆ ಅರ್ಧ ಗಂಟೆ ಉರಿಸಿದ ಹಾಗೆ. ಫ್ಯೂಸ್ ಆಗಲಿ, ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಎಂಸಿಬಿ ಸ್ವಿಚ್ ಆಗಲಿ ಇದನ್ನು ಹಿಡಿಯಲಾರವು, ಏಕೆಂದರೆ ಹರಿಯುವ ಕರೆಂಟು ಅದೇ 8.7 ಆಂಪ್ ಅಥವಾ ತುಸು ಕಡಿಮೆ. ಎಂಸಿಬಿ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎನ್ನುವವರು ಈ ಒಂದು ಗುಣಾಕಾರವನ್ನು ನೆನಪಿಡಬೇಕು.

ದುರಸ್ತಿ ಹೀಗೆ. ಕೆಂಪಗೆ ಹೊಳೆಯುವ ತಾಮ್ರ ಸಿಗುವ ತನಕ ವೈರನ್ನು ಹಿಂದಕ್ಕೆ ಕತ್ತರಿಸಿದೆವು. ಅಷ್ಟರಲ್ಲಿ ವೈರು ಗಿಡ್ಡವಾಯಿತು. ಇಲ್ಲಿ ತುಂಡು ಸೇರಿಸಿ, ತಿರುಚಿ, ಟೇಪ್ ಸುತ್ತುವುದು ಊರೆಲ್ಲ ನಡೆಯುವ ಪದ್ಧತಿ. ಅದು ಒಂದು ಕೆಟ್ಟ ಜೋಡಣೆ ತೆಗೆದು ಇನ್ನೊಂದನ್ನು ಹುಟ್ಟಿಸಿದಂತೆ. ಎಂಸಿಬಿ ಬೋರ್ಡಿನಿಂದ ಬಚ್ಚಲಿನವರೆಗೆ ಹೊಸದಾಗಿ 4 ಚದರ ಮಿ.ಮೀ. ವೈರು ಎಳೆದೆವು, ಕರೆಂಟು ತರುವ ಫೇಸ್, ವಾಪಸ್ ಒಯ್ಯುವ ನ್ಯೂಟ್ರಲ್, ಸೋರಿದ್ದನ್ನು ಮಣ್ಣಿಗಿಳಿಸುವ ಅರ್ಥ್ ಮೂರೂ. ತುದಿಯ ಹೊದಿಕೆ 10ರಿಂದ 12 ಮಿ.ಮೀ. ಮಾತ್ರ ಸುಲಿದು, ಎಳೆಗಳಿಗೆ ಪಿನ್ ಲಗ್ (ಲೋಹದ ಟೊಪ್ಪಿ) ತೊಡಿಸಿ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಸ್ಕ್ರೂ ಬಿಗಿದು, ವೈರನ್ನು ಜಗ್ಗಿ ನೋಡಿದ್ದಾಯಿತು. ತುದಿಗೆ ಸಾಲ್ಡರ್ ಹಚ್ಚಿ ಸ್ಕ್ರೂ ಬಿಗಿಯುವ ಅಭ್ಯಾಸ ಬೇಡ. ಆ ಲೋಹ ಮೆತ್ತಗಿದ್ದು ಒತ್ತಡಕ್ಕೆ ನಿಧಾನವಾಗಿ ಹಿಂಡಿಹೋಗಿ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಹೊಸ ಜೋಡಣೆಯನ್ನು ವಾರದ ನಂತರ, ಮತ್ತೆ ಆರು ತಿಂಗಳಿಗೆ ಬಿಗಿ ನೋಡಬೇಕು.

ಇಂಡಕ್ಷನ್ ಒಲೆಯ ದಪ್ಪ ಪ್ಲಗ್ಗನ್ನು 6 ಆಂಪ್ ಸಾಕೆಟ್ಟಿಗೆ ಒಂದು ಕನ್ವರ್ಟರ್ ಮೂಲಕ ಚುಚ್ಚಿದ್ದರು. ಒಲೆಯದೂ 8.7 ಆಂಪ್. ಕನ್ವರ್ಟರನ್ನು ಕಸಕ್ಕೆ ಹಾಕಿ ಅಲ್ಲಿಗೊಂದು 16 ಆಂಪ್ ಸಾಕೆಟ್ ಕೊಟ್ಟೆವು. ಅದೂ ಒಲೆಯ ನೇರ ಮೇಲೆ ಅಲ್ಲ, ಪಕ್ಕಕ್ಕೆ, ಒಗ್ಗರಣೆ ಹಾರದ ಕಡೆ.

ಬೋರ್ಡು

ವೆರಾಂಡದಲ್ಲಿ ನಾಲ್ಕು ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸ್. ಎರಡರಲ್ಲಿ ಫ್ಯೂಸ್ ತಂತಿಯ ಬದಲು ಮಾಮೂಲಿ ವೈರಿನ ಏಳೆಂಟು ಎಳೆ ಹೊಸೆದು ಕಟ್ಟಿದ್ದರು. ಗೋಡೆಯೊಳಗಿನ ವೈರು ಸುಟ್ಟರೂ ಆ ಫ್ಯೂಸ್ ಹೋಗುತ್ತಿರಲಿಲ್ಲ. ಎಲ್ಲ ತೆಗೆದು ಲೋಹದ ಎಂಸಿಬಿ ಡಬ್ಬಿ ಕೂರಿಸಿದೆವು. ಒಳಬರುವ ಕಡೆ 32 ಆಂಪ್ ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ (ಡಬಲ್ ಪೋಲ್) ಎಂಸಿಬಿ, ಅದರ ನಂತರ 40 ಆಂಪ್ ತಾಳುವ, 30 ಮಿಲಿಆಂಪ್ ಸೋರಿದರೆ ಕರೆಂಟು ಕಡಿಯುವ, ಎ ಮಾದರಿಯ ಆರ್‌ಸಿಸಿಬಿ. ಆಮೇಲೆ ದೀಪ ಫ್ಯಾನುಗಳಿಗೆ 6 ಆಂಪ್ ಎರಡು, ಗೀಸರ್, ಅಡುಗೆಮನೆ, ವಾಷಿಂಗ್ ಮಷಿನ್, ಸ್ಕೂಟರ್‌ಗೆ 16 ಆಂಪ್ ಒಂದೊಂದು, ಯುಪಿಎಸ್‌ಗೆ 10. ನಿಯಮ ಒಂದೇ: ಎಂಸಿಬಿ ತನ್ನಿಂದ ಮುಂದೆ ಹೋಗುವ ವೈರು ತಾಳುವುದಕ್ಕಿಂತ ಕಡಿಮೆಯದಾಗಿರಬೇಕು. 1.5 ಚದರ ಮಿ.ಮೀ. ವೈರಿಗೆ 10 ಆಂಪ್ ದಾಟಬೇಡಿ, 2.5ಕ್ಕೆ 16 ದಾಟಬೇಡಿ. ಪದೇ ಪದೇ ಟ್ರಿಪ್ ಆಗುತ್ತದೆಂದು ದೊಡ್ಡ ಎಂಸಿಬಿ ಹಾಕುವುದು ಹೊಸೆದ ಎಳೆ ಕಟ್ಟಿದ ಅದೇ ತಪ್ಪು. ಎ ಮಾದರಿಯನ್ನೇ ಆರಿಸಿದ್ದಕ್ಕೆ ಕಾರಣ, ಇಂಡಕ್ಷನ್ ಒಲೆ, ಸ್ಕೂಟರ್ ಚಾರ್ಜರ್ ಮೊದಲಾದ ಎಲೆಕ್ಟ್ರಾನಿಕ್ ಸಾಮಾನಿನ ಸೋರಿಕೆಯನ್ನು ಸಾಮಾನ್ಯ ಎಸಿ ಮಾದರಿ ಕೆಲವೊಮ್ಮೆ ಗುರುತಿಸುವುದಿಲ್ಲ.

ಆರ್‌ಸಿಸಿಬಿ ಹಾಕಿದ ದಿನವೇ ತಲೆನೋವು ಶುರುವಾಗುವುದು ವಾಡಿಕೆ. ಇಲ್ಲೂ ಆಯಿತು. ಇದಕ್ಕೆ ಬೇಸತ್ತು ಅದನ್ನು ಬೈಪಾಸ್ ಮಾಡಿಸಿಕೊಂಡ ಮನೆಗಳು ಎಷ್ಟೋ. ಟ್ರಿಪ್ ಆಗುವುದೆಂದರೆ ಅದು ದೋಷ ತೋರಿಸುತ್ತಿದೆ ಎಂದರ್ಥ, ಹುಡುಕಬೇಕು. ಎಲ್ಲ ಎಂಸಿಬಿ ಆರಿಸಿ ಆರ್‌ಸಿಸಿಬಿ ಎತ್ತಿದೆವು, ನಿಂತಿತು. ದೀಪದ ಎರಡು ಸಾಲು ಹಾಕಿದೆವು, ನಿಂತಿತು. ಯುಪಿಎಸ್ ಹಾಕಿದ ತಕ್ಷಣ ಬಿತ್ತು. ಬಿಚ್ಚಿ ನೋಡಿದರೆ ಹಿಂದೆ ಯುಪಿಎಸ್ ಕೂರಿಸಿದವರು ಫೇಸನ್ನು ಮೇನ್ ಸ್ವಿಚ್ಚಿನ ಬುಡದಿಂದಲೇ ತೆಗೆದಿದ್ದರು. ಈಗ ಕರೆಂಟು ಆರ್‌ಸಿಸಿಬಿಯನ್ನು ತಪ್ಪಿಸಿ ಹೋಗಿ ನ್ಯೂಟ್ರಲ್‌ನಲ್ಲಿ ಅದರ ಮೂಲಕ ವಾಪಸ್ ಬರುತ್ತಿತ್ತು. ಹೋದದ್ದೂ ಬಂದದ್ದೂ ತಾಳೆಯಾಗದಿದ್ದರೆ ಬೀಳುವುದೇ ಅದರ ಕೆಲಸ. ಯುಪಿಎಸ್ ಫೇಸನ್ನು ಹೊಸ 10 ಆಂಪ್ ಎಂಸಿಬಿಗೆ ತಂದದ್ದಕ್ಕೆ ಸರಿಹೋಯಿತು. ಇನ್ನೊಂದು ಮುಖ್ಯ ವಿಷಯ, ಕರೆಂಟು ಹೋಗಿ ಬ್ಯಾಟರಿಯಲ್ಲಿ ಓಡುವಾಗ ಯುಪಿಎಸ್‌ನಿಂದ ಮುಂದಿನ ಸಾಲಿಗೆ ಬೋರ್ಡಿನ ಆರ್‌ಸಿಸಿಬಿಯ ರಕ್ಷಣೆ ಇರುವುದಿಲ್ಲ. ಅದಕ್ಕೆ ಯುಪಿಎಸ್ ಔಟ್‌ಪುಟ್ಟಿಗೆ ಪ್ರತ್ಯೇಕ 25 ಆಂಪ್, 30 ಮಿಲಿಆಂಪ್ ಆರ್‌ಸಿಸಿಬಿ, ಆ ಸಾಲಿನ ನ್ಯೂಟ್ರಲ್‌ಗೆ ಪ್ರತ್ಯೇಕ ಲಿಂಕ್. ಹಾಲಿನ ದೀಪದ ನ್ಯೂಟ್ರಲ್ಲನ್ನು ಪಕ್ಕದ ಕೋಣೆಯಿಂದ ಸಾಲ ತಂದಿದ್ದರು, ಅದನ್ನು ಬಿಡಿಸಲು ಅರ್ಧ ದಿನ ಹೋಯಿತು.

ಕೊನೆಗೆ ಗೀಸರ್. ಆನ್ ಮಾಡಿದರೆ ಟ್ರಿಪ್. ಮೇನ್ ಆರಿಸಿ, ಗೀಸರ್ ಪ್ಲಗ್ ಕಿತ್ತು, ಅದರ ಫೇಸ್ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ ಮೆಗ್ಗರ್ (ಹೊದಿಕೆಯ ತಡೆ ಅಳೆಯುವ ಮೀಟರ್) ಹಿಡಿದಾಗ 0.01 ಮೆಗಾಓಮ್ ಬಂತು. 500 ವೋಲ್ಟ್ ಪರೀಕ್ಷೆಯಲ್ಲಿ ಮನೆಯ ವೈರಿಂಗಿಗೆ ಕನಿಷ್ಠ 1 ಮೆಗಾಓಮ್ ಇರಬೇಕು. 230 ವೋಲ್ಟನ್ನು 10,000 ಓಮ್‌ನಿಂದ ಭಾಗಿಸಿದರೆ 23 ಮಿಲಿಆಂಪ್. 30 ಮಿಲಿಆಂಪ್ ಎಂದು ಬರೆದ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಾದರೂ ಬೀಳಬಹುದು. ಎಲಿಮೆಂಟಿನ ಹೊರಕವಚ ಸೀಳಿ ನೀರು ಒಳಹೊಕ್ಕಿತ್ತು. ಇಷ್ಟು ದಿನ ಆ ಸೋರಿಕೆ ಅರ್ಥ್ ವೈರಿನಲ್ಲಿ ಇಳಿದುಹೋಗುತ್ತಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಆ ಅರ್ಥ್ ವೈರು ಕಳಚಿದ್ದರೆ ಗೀಸರ್ ಮೈಯೂ ಅದಕ್ಕೆ ಸೇರಿದ ನಲ್ಲಿಯೂ ಕರೆಂಟು ಹಿಡಿದು ನಿಲ್ಲುತ್ತಿದ್ದವು. ಎಲಿಮೆಂಟ್ ಬದಲಿಸಿದ ಮೇಲೆ 40 ಮೆಗಾಓಮ್ ದಾಟಿತು.

ಮೆಗ್ಗರ್ ಹಿಡಿಯುವ ಮುಂಚೆ ಟಿವಿ, ರೂಟರ್, ಯುಪಿಎಸ್, ಎಲ್‌ಇಡಿ ಬಲ್ಬು ಎಲ್ಲ ಕಳಚಿರಬೇಕು. 500 ವೋಲ್ಟಿಗೆ ಅವು ಸುಡಬಹುದು.

ಅರ್ಥಿಂಗ್ ಗುಂಡಿಯಲ್ಲಿ ಜಿಐ ಪೈಪು ಸರಿಯಿತ್ತು, ಅದಕ್ಕೆ ತಂತಿ ಸೇರುವ ನಟ್ಟು ಬೋಲ್ಟು ತುಕ್ಕು ತಿಂದು ಹೆಸರಿಗಷ್ಟೇ ಹಿಡಿದುಕೊಂಡಿತ್ತು. ಇಲ್ಲೂ ಕೆಟ್ಟದ್ದು ಜೋಡಣೆಯೇ. ಪೈಪಿನ ಮೈಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸ ಲಗ್, ಹೊಸ ಬೋಲ್ಟು, ಮೇಲೆ ಗ್ರೀಸು. ಮಾರ್ಚಿನಿಂದ ಮಳೆ ಬರುವ ತನಕ ವಾರಕ್ಕೆರಡು ಬಕೆಟ್ ನೀರು ಗುಂಡಿಗೆ ಸುರಿಯಬೇಕು, ಒಣಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಸ್ಕೂಟರು, ಯುಪಿಎಸ್ ಬ್ಯಾಟರಿ, ದೇವರಮನೆ

ಸ್ಕೂಟರಿನ ಬ್ಯಾಟರಿಯನ್ನು ಬಿಚ್ಚಿ ತಂದು ಮುಂಬಾಗಿಲ ಪಕ್ಕ, ಶೂ ಸ್ಟ್ಯಾಂಡಿನ ಮೇಲೆ ರಾತ್ರಿಯಿಡೀ ಚಾರ್ಜಿಗೆ ಹಾಕುತ್ತಿದ್ದರು. ಇಡೀ ಮನೆಯಲ್ಲಿ ನಮಗೆ ಅತಿ ಹೆಚ್ಚು ಗಾಬರಿ ತಂದದ್ದು ಇದು. ಲಿಥಿಯಂ ಬ್ಯಾಟರಿ ಒಳಗಿಂದ ಬಿಸಿಯೇರತೊಡಗಿದರೆ ಒಂದು ಸೆಲ್ ಇನ್ನೊಂದನ್ನು ಹೊತ್ತಿಸುತ್ತ ಹೋಗುತ್ತದೆ. ಪುಡಿ ಎರಚಿದರೆ ಜ್ವಾಲೆ ಆರೀತು, ಒಳಗಿನ ಬಿಸಿ ಇಳಿಯುವುದಿಲ್ಲ, ಮತ್ತೆ ಹೊತ್ತುತ್ತದೆ. ಹೊಗೆ ವಿಷ. ಹೊರಗೆ ಹೋಗುವ ಒಂದೇ ಬಾಗಿಲಲ್ಲಿ ಅದನ್ನಿಡುವುದು ಎಂದೂ ಕೂಡದು. ಕಾರ್ ಶೆಡ್ಡಿನ ಗೋಡೆಗೆ ಮಳೆ ತಾಗದ ಮುಚ್ಚಳದ 16 ಆಂಪ್ ಸಾಕೆಟ್ ಕೊಟ್ಟು, ಕೆಳಗೆ ಕಡಪಾ ಕಲ್ಲು ಹಾಸಿ, ಸುತ್ತ ಮೂರು ಅಡಿ ಏನೂ ಇಡದಂತೆ ಮಾಡಿದ್ದಾಯಿತು. ಉಬ್ಬಿದ, ಬಿದ್ದು ಪೆಟ್ಟಾದ, ನೀರಲ್ಲಿ ಮುಳುಗಿದ ಬ್ಯಾಟರಿಗೆ ಚಾರ್ಜರ್ ಚುಚ್ಚಲೇಬಾರದು.

ಯುಪಿಎಸ್‌ನ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಿಂದ ತೆಗೆದು ಕಿಟಕಿ ಪಕ್ಕಕ್ಕೆ ಇಟ್ಟೆವು. ಟರ್ಮಿನಲ್ ಮೇಲಿನ ಬಿಳಿ ಹೂವನ್ನು ಅಡುಗೆ ಸೋಡಾ ನೀರಿನಿಂದ ತೊಳೆದು, ಒಣಗಿಸಿ, ಬಿಗಿದು, ಪೆಟ್ರೋಲಿಯಂ ಜೆಲ್ಲಿ ಸವರಿದ್ದು.

ದೇವರಮನೆಯಲ್ಲಿ ಮರದ ಮಂಟಪ, ಮೇಲೆ ಜರಿಯ ಪರದೆ, ಕೆಳಗೆ ನಂದಾದೀಪ. ಪರದೆ ತೆಗೆದು, ದೀಪವನ್ನು ನೀರು ತುಂಬಿದ ಅಗಲ ಹಿತ್ತಾಳೆ ತಟ್ಟೆಯ ನಡುವೆ ಇಟ್ಟು, ಮೇಲಿನ ಹಲಗೆಗೆ ತಗಡು ಹೊಡೆದೆವು. ರಾತ್ರಿ ಉರಿಯುವ ಬತ್ತಿಯನ್ನು ಇಲಿ ಎಣ್ಣೆಯಾಸೆಗೆ ಎಳೆದೊಯ್ಯುತ್ತದೆ, ಹಾಗಾಗಿ ಮಲಗುವಾಗ ಗಾಜಿನ ಚಿಮಣಿ ಮುಚ್ಚಬೇಕು.

ನಾಲ್ಕನೆಯ ದಿನ: ಹೊಗೆ ಅಲಾರಂ

ಮಲಗಿದವರನ್ನು ಹೊಗೆ ಎಬ್ಬಿಸುವುದಿಲ್ಲ, ಇನ್ನೂ ಗಾಢ ನಿದ್ದೆಗೆ ತಳ್ಳುತ್ತದೆ. ಎರಡೂ ಕೋಣೆಯ ನಡುವಿನ ಓಣಿಯಲ್ಲಿ ಒಂದು, ಹಾಲಿನಲ್ಲಿ ಒಂದು, ಬ್ಯಾಟರಿಯ ಮೇಲೆ ನಡೆಯುವ ಬೆಳಕಿನ ಸಂವೇದಕದ ಅಲಾರಂ ಹಾಕಿದೆವು. ಹೊರದೇಶದ ಕೈಪಿಡಿಗಳು ಚಾವಣಿಯ ನಡುವೆ ಹಾಕಿ ಎನ್ನುತ್ತವೆ. ನಮ್ಮಲ್ಲಿ ಚಾವಣಿಯ ನಡುವೆ ಫ್ಯಾನ್ ಇರುತ್ತದೆ, ಅದರ ಗಾಳಿ ಹೊಗೆಯನ್ನು ಚದುರಿಸಿಬಿಡುತ್ತದೆ. ಫ್ಯಾನಿನ ರೆಕ್ಕೆಯ ತುದಿಯಿಂದ ಕನಿಷ್ಠ 3 ಅಡಿ ದೂರ, ಗೋಡೆ ಚಾವಣಿ ಸೇರುವ ಮೂಲೆಯಿಂದ ಒಂದು ಅಡಿ ದೂರ ಇರಲಿ. ಒಲೆಯಿಂದ 10 ಅಡಿ ದೂರ ಬೇಕು, ಇಲ್ಲವಾದರೆ ಪ್ರತಿ ದೋಸೆಗೂ ಕೂಗಿ ಕೊನೆಗೆ ಯಾರೋ ಬ್ಯಾಟರಿ ಕಿತ್ತಿಡುತ್ತಾರೆ. ಅಡುಗೆಮನೆಗೆ ಹಾಕಿದ್ದು ಶಾಖದ ಅಲಾರಂ. ಹೊಗೆಯನ್ನು ಅದು ಲೆಕ್ಕಿಸುವುದಿಲ್ಲ, 57 ಡಿಗ್ರಿ ಆಸುಪಾಸಿಗೆ ಕೂಗುತ್ತದೆ. ಹಂಚಿನ ಮನೆಯವರು ಅಲಾರಮ್ಮನ್ನು ತೀರಾ ಮೇಲಿನ ಮೂಲೆಗೆ ಸಿಕ್ಕಿಸಬಾರದು. ಅಲ್ಲಿ ಗಾಳಿ ಅಲುಗಾಡದೆ ನಿಂತು ಹೊಗೆಯನ್ನು ಒಳಗೆ ಬಿಡುವುದಿಲ್ಲ, ಅರ್ಧ ಅಡಿ ಕೆಳಗೆ ಬರಲಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡುವುದು, ಮೆತ್ತನೆ ಬ್ರಷ್ಷಿನಿಂದ ಧೂಳು, ಜೇಡರ ಬಲೆ ತೆಗೆಯುವುದು, 10 ವರ್ಷಕ್ಕೆ ಬದಲಿಸುವುದು.

ಐದನೆಯ ದಿನ: ಕಿಟಕಿಯ ಸರಳು

2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊರಬರುವ ದಾರಿ ಸಿಗದೆ, ಹೊಗೆ ತಾಳಲಾರದೆ ಮಹಡಿಯಿಂದ ಹಾರಿದವರೂ ಅವರಲ್ಲಿದ್ದರು. ಅದು ದೊಡ್ಡ ಕಚೇರಿ ಕಟ್ಟಡ. ಆದರೆ ಕಳ್ಳರ ಭಯಕ್ಕೆ ಎಲ್ಲ ಕಿಟಕಿಗೂ ಸರಳು ಬೆಸೆದ ನಮ್ಮ ಮನೆಗಳಲ್ಲೂ ಲೆಕ್ಕ ಅದೇ. ಹಾಲಿನಲ್ಲಿ ಬೆಂಕಿ ಬಿದ್ದರೆ ಕೋಣೆಯಲ್ಲಿ ಮಲಗಿದವರಿಗೆ ದಾರಿಯೇ ಇಲ್ಲ.

ಎರಡೂ ಕೋಣೆಯ ಒಂದೊಂದು ಕಿಟಕಿಯ ಸರಳಿನಲ್ಲಿ ಅಗಲ 60 ಸೆಂ.ಮೀ., ಎತ್ತರ 90 ಸೆಂ.ಮೀ.ನ ಬಾಗಿಲು ಕತ್ತರಿಸಿದೆವು. ಅಗಲ 50ಕ್ಕಿಂತ ಕಡಿಮೆಯಾದರೆ ದೊಡ್ಡವರ ಭುಜ ತೂರುವುದಿಲ್ಲ. ವೆಲ್ಡಿಂಗ್ ಶುರುಮಾಡುವ ಮುಂಚೆ ಪರದೆ, ಹಾಸಿಗೆ ಎಲ್ಲ ತೆಗೆದು, ಮರದ ಚೌಕಟ್ಟಿಗೆ ಒದ್ದೆ ಗೋಣಿಚೀಲ ಹೊದೆಸಿ, ಪಕ್ಕದಲ್ಲಿ ಎರಡು ಬಕೆಟ್ ನೀರಿಟ್ಟು, ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಕಾದೆವು. ಕಿಡಿ ಮರದ ಸಂದಿನಲ್ಲಿ ಕೂತು ತಡವಾಗಿ ಹೊತ್ತುವುದುಂಟು. ಕತ್ತರಿಸಿದ ಸರಳಿನ ತುದಿಗಳನ್ನು 25 ಮಿ.ಮೀ. ಆಂಗಲ್ ಚೌಕಟ್ಟಿಗೆ ಬೆಸೆದು, ಬಾಗಿಲು ಹೊರಕ್ಕೆ ತೆರೆಯುವಂತೆ ಮೂರು ಹಿಂಜು ಕೊಟ್ಟೆವು. ಮೊದಲ ಕಿಟಕಿಯಲ್ಲಿ ಒಂದು ತಪ್ಪಾಯಿತು. ವೆಲ್ಡಿಂಗಿನ ಬಿಸಿಗೆ ಆಂಗಲ್ ಬಿಲ್ಲಿನಂತೆ ಬಾಗಿ ಬಾಗಿಲು ಸಿಕ್ಕಿಕೊಂಡಿತು. ಎರಡನೆಯದರಲ್ಲಿ ನಾಲ್ಕು ಮೂಲೆಗೂ ಚುಕ್ಕೆ ಬೆಸುಗೆ ಹಾಕಿ, ತಣಿಯಲು ಬಿಟ್ಟು, ಆಮೇಲೆ ಎದುರು ಬದುರು ಬೆಸೆದದ್ದಕ್ಕೆ ನೇರ ನಿಂತಿತು. ಸುತ್ತ 4 ಮಿ.ಮೀ. ಸಂದು, ರೆಡ್ ಆಕ್ಸೈಡ್ ಎರಡು ಕೈ, ಆಮೇಲೆ ಬಣ್ಣ.

ಬೀಗದ ವಿಷಯದಲ್ಲಿ ನಾವು ಬಗ್ಗಲಿಲ್ಲ. ಬೀಗದ ಕೈ ಬೇಕಾಗುವ ಏನೂ ಬೇಡ. ಒಳಗಿನಿಂದ ಕೈಯಲ್ಲೇ ಎಳೆಯುವ ಎರಡು ಅಗಳಿ, ಹೊರಗಿನಿಂದ ಕೈ ತೂರದಂತೆ ಅವುಗಳ ಮುಂದೆ ಒಂದು ತಗಡಿನ ತುಂಡು. ಕತ್ತಲಲ್ಲಿ, ಕಣ್ಣುಮುಚ್ಚಿ, ಮನೆಯ ಚಿಕ್ಕವರೂ ಹಿರಿಯರೂ ತೆರೆಯಲಾಗಬೇಕು. ಅಗಳಿಗೆ ಎರಡು ತಿಂಗಳಿಗೊಮ್ಮೆ ಎಣ್ಣೆ.

ಕೊನೆಗೆ ಕೆಂಪು ಸಿಲಿಂಡರು

2 ಕೆ.ಜಿ.ಯ ಎಬಿಸಿ ಪುಡಿಯದು (ಮರ ಬಟ್ಟೆ, ಎಣ್ಣೆ, ಅನಿಲ ಮೂರು ಬಗೆಯ ಬೆಂಕಿಗೆ), ಐಎಸ್ 15683 ಅಚ್ಚು, ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿ. ಅಡುಗೆಮನೆಯ ಒಳಗಲ್ಲ, ಬಾಗಿಲ ಹೊರಗೆ, ಎದೆಮಟ್ಟಕ್ಕೆ. ಬೆಂಕಿಯನ್ನು ದಾಟಿ ಹೋಗಿ ತರುವಂತಿರಬಾರದು. ಪಿನ್ ಕಿತ್ತು, ಎರಡು ಮೂರು ಮೀಟರ್ ದೂರದಿಂದ, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿತ್ತ ಬೀಸಬೇಕು. ಬೆನ್ನ ಹಿಂದೆ ಯಾವಾಗಲೂ ಬಾಗಿಲಿರಬೇಕು.

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಇದು ಬೇಡ, ಪುಡಿಯ ರಭಸಕ್ಕೆ ಎಣ್ಣೆ ಚಿಮ್ಮುತ್ತದೆ. ನೀರಂತೂ ಬೇಡವೇ ಬೇಡ. ಕಾದ ಎಣ್ಣೆಯ ತಳಕ್ಕಿಳಿದ ನೀರು ಆವಿಯಾಗಿ ಸುಮಾರು 1700 ಪಟ್ಟು ಹಿಗ್ಗಿ ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ. ಒಲೆ ಆರಿಸಿ, ಬಾಣಲೆಗಿಂತ ದೊಡ್ಡ ಸ್ಟೀಲ್ ತಟ್ಟೆಯನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸುತ್ತ ಮುಚ್ಚಿ, ಪೂರ್ತಿ ತಣಿಯುವ ತನಕ ತೆಗೆಯಬೇಡಿ. ಆ ತಟ್ಟೆಗೆ ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಮೊಳೆ ಹೊಡೆದು ತೂಗುಹಾಕಿದ್ದೇವೆ, ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟುವಂತಿಲ್ಲ.

ನೆರೆಯ ಭಯವಿರುವ ಕಡೆಗೆ

ಈ ಮನೆಗೆ ನೀರು ನುಗ್ಗುವ ಭಯವಿಲ್ಲ. ಆದರೆ ಕಪಿಲೆ ಉಕ್ಕಿದರೆ ನಂಜನಗೂಡಿನ ತಗ್ಗು ಬೀದಿಗಳಿಗೆ, ಮಳೆ ಹೆಚ್ಚಾದರೆ ಕೊಡಗಿನ ಹೊಳೆದಂಡೆಗಳಿಗೆ ಅದು ಇದ್ದೇ ಇದೆ. ಅಂಥ ಕಡೆ ಸಿಲಿಂಡರನ್ನು ಬೆಲ್ಟು ಅಥವಾ ಸರಪಳಿಯಿಂದ ಗೋಡೆಗೆ ಕಟ್ಟಬೇಕು. ತುಂಬಿದ ಸಿಲಿಂಡರಿನ ತೂಕ ಸುಮಾರು 30 ಕೆ.ಜಿ., ಅದು ಸರಿಸುವ ನೀರು 35 ಲೀಟರಿನಷ್ಟು. ಅಂದರೆ ತುಂಬಿದ್ದರೂ ತೇಲುತ್ತದೆ, ಪೈಪನ್ನು ಕಿತ್ತುಕೊಂಡು ಹೋಗುತ್ತದೆ. ನೀರು ಹೊಸ್ತಿಲು ಮುಟ್ಟುವ ಮುಂಚೆಯೇ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಮೇನ್ ಆರಿಸಬೇಕು. ಕಾಲು ನೀರಲ್ಲಿದ್ದಾಗ ಮೇನ್ ಮುಟ್ಟುವಂತಿಲ್ಲ, ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ಫೋನ್ ಮಾಡಿ ಕಂಬದಲ್ಲೇ ತೆಗೆಸಿ. ನೀರು ಇಳಿದ ಮೇಲೆ ಮುಳುಗಿದ ಸಾಕೆಟ್, ಎಂಸಿಬಿ, ಆರ್‌ಸಿಸಿಬಿಗಳನ್ನು ಒಣಗಿಸಿ ಬಳಸುವ ಯೋಚನೆ ಬೇಡ, ಬದಲಿಸಿ. ವೈರು ಮೆಗ್ಗರಿನಲ್ಲಿ 1 ಮೆಗಾಓಮ್ ದಾಟಿದ ಮೇಲೆಯೇ ಕರೆಂಟು.

ಆರನೆಯ ರಾತ್ರಿ

ಹನ್ನೊಂದು ಗಂಟೆಗೆ, ದೀಪವೆಲ್ಲ ಆರಿದ ಮೇಲೆ, ಓಣಿಯ ಅಲಾರಂ ಗುಂಡಿ ಒತ್ತಿದೆವು. ಎಲ್ಲರೂ ಗೇಟಿನ ಪಕ್ಕದ ತೆಂಗಿನಮರದ ಬುಡಕ್ಕೆ ಸೇರಬೇಕು, ಅಲ್ಲಿ ತಲೆ ಎಣಿಸಿ ಆಮೇಲೆ ಅಗ್ನಿಶಾಮಕದವರಿಗೆ 101 ಅಥವಾ 112. ಮೊದಲ ಸಲ 2 ನಿಮಿಷ 40 ಸೆಕೆಂಡ್. ಒಂದೂವರೆ ನಿಮಿಷ ಹೋದದ್ದು ಮುಂಬಾಗಿಲ ಬೀಗದ ಕೈ ಹುಡುಕಲಿಕ್ಕೆ, ಅದು ಟಿವಿ ಮೇಜಿನ ಖಾನೆಯಲ್ಲಿತ್ತು. ಬಾಗಿಲಿನ ಒಳಬದಿಗೆ, ಕಿಟಕಿಯಿಂದ ಕೈಗೆಟುಕದ ಕಡೆ, ಒಂದು ಕೊಕ್ಕೆ ಹೊಡೆದು ಬೀಗದ ಕೈಯನ್ನು ಟಾರ್ಚಿನ ಜೊತೆ ಅಲ್ಲೇ ನೇತುಹಾಕಿದೆವು. ಎರಡನೆಯ ಸಲ 55 ಸೆಕೆಂಡ್. ಮೂರನೆಯ ಸಲ ಹಾಲಿನ ದಾರಿ ಮುಚ್ಚಿದೆ ಎಂದುಕೊಂಡು ಕಿಟಕಿಯ ಮೂಲಕ. ಕೋಣೆಯ ಬಾಗಿಲು ಮುಚ್ಚಿ, ಅದರ ಸಂದಿಗೆ ಬೆಡ್‌ಶೀಟ್ ತುರುಕಿ, ಅಗಳಿ ಎಳೆದು ಇಳಿಯುವುದು. ಹಿರಿಯರಿಗೆ ಕಿಟಕಿಯ ಹೊರಗೆ ನೆಲ ಮೂರೂವರೆ ಅಡಿ ಕೆಳಗಾಯಿತು, ಕಾಲು ಎಟುಕಲಿಲ್ಲ. ಮರುದಿನ ಅಲ್ಲಿ ಎರಡು ಸಿಮೆಂಟ್ ಇಟ್ಟಿಗೆಯ ಮೆಟ್ಟಿಲು ಕಟ್ಟಿದ್ದಾಯಿತು.